ಗುಳಿಗೆ ತಪ್ಪಿದ ದಿನ

1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ದೊಡ್ಡ ಪ್ರಯೋಗಕ್ಕೆ ಕೈಹಾಕಿತು. ಆಗಿನ ಬಳ್ಳಾರಿ ಎಂಟು ತಾಲ್ಲೂಕುಗಳ ಜಿಲ್ಲೆ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ನಾಲ್ಕೂ ಅದರೊಳಗಿದ್ದವು; ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿಗೆ ಸೇರಿತ್ತು. ಮಾನಸಿಕ ಕಾಯಿಲೆಯವರೂ ಮೂರ್ಛೆ ರೋಗದವರೂ ಔಷಧಕ್ಕಾಗಿ ರಾತ್ರಿ ಬಸ್ಸು ಹಿಡಿದು ದೂರದ ಊರಿಗೆ ಹೋಗುವುದು ತಪ್ಪಬೇಕು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಅವರಿಗೆ ಚಿಕಿತ್ಸೆ ಸಿಗಬೇಕು ಎಂಬುದು ಉದ್ದೇಶ. ಕೇಂದ್ರದ ವೈದ್ಯರಿಗೂ, ಮಲೇರಿಯಾ, ಕುಟುಂಬ ಯೋಜನೆ ಎಂದು ಮನೆಮನೆ ತಿರುಗುತ್ತಿದ್ದ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟರು. ಕೇಂದ್ರಕ್ಕೆ ಬಂದ ಔಷಧಗಳ ಪಟ್ಟಿ ಚಿಕ್ಕದು. ಅದರಲ್ಲಿ ಮೂರ್ಛೆಗೆಂದು ಫಿನೋಬಾರ್ಬಿಟೋನ್, ಫೆನಿಟಾಯಿನ್ ಇದ್ದವು.

1990ರವರೆಗೆ ನಡೆದ ಈ ಕೆಲಸಕ್ಕೆ ಮುಂದೆ ‘ಬಳ್ಳಾರಿ ಮಾದರಿ’ ಎಂಬ ಹೆಸರು ಬಂತು. 1996ರಲ್ಲಿ ಕೇಂದ್ರ ಸರ್ಕಾರ ದೇಶದ ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಅಡಿಪಾಯ. ಇಡೀ ಭಾರತ ಅನುಸರಿಸಿದ ಒಂದು ದಾರಿ ಈ ಬಯಲುಸೀಮೆಯ ಊರುಗಳಲ್ಲಿ ಹುಟ್ಟಿತು ಎಂಬುದನ್ನು ಇಲ್ಲಿಯ ಜನ ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಆಮೇಲೆ ಜಿಲ್ಲೆಯ ಗಡಿಗಳು ಬದಲಾದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿ ಮತ್ತೆ ಬಳ್ಳಾರಿಗೆ ಮರಳಿತು, ಕೊಟ್ಟೂರು ತಾಲ್ಲೂಕಾಯಿತು, 2021ರಲ್ಲಿ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಸೇರಿ ಈ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಯ ಪಾಲಾದವು. ಮೂರ್ಛೆ ರೋಗಿಯ ಕಷ್ಟ ಮಾತ್ರ ಬಹುಮಟ್ಟಿಗೆ ಹಾಗೇ ಇದೆ: ಗುಳಿಗೆ ಸಿಗಬೇಕು, ಸಿಕ್ಕಿದ ಮೇಲೆ ದಿನವೂ ತಪ್ಪದೆ ಹೊಟ್ಟೆಗೆ ಸೇರಬೇಕು. ಈ ಎರಡನೆಯದರ ಬಗ್ಗೆ ನಾವು ಮಾತಾಡುವುದು ಕಡಿಮೆ. ಈ ಅಧ್ಯಾಯ ಅದಕ್ಕೆ ಮೀಸಲು.

ಮೂರ್ಛೆ ರೋಗ ಎಷ್ಟು ಜನರಿಗಿದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಲೆಕ್ಕಗಳಿವೆ. ನಿಮ್ಹಾನ್ಸ್‌ನ ಗೌರಿದೇವಿ, ಗುರುರಾಜ್, ಸತೀಶ್ಚಂದ್ರ ಮುಂತಾದವರು 1990ರ ದಶಕದಲ್ಲಿ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿದರು. ಸಾವಿರಕ್ಕೆ ಸುಮಾರು 9 ಜನರಲ್ಲಿ ಮೂರ್ಛೆ ರೋಗ ಕಂಡಿತು. ನಗರದಲ್ಲಿ ಆ ಸಂಖ್ಯೆ 6ರ ಆಸುಪಾಸು, ಹಳ್ಳಿಯಲ್ಲಿ ಅದರ ಎರಡು ಪಟ್ಟು, ಅಂದರೆ 12ರ ಹತ್ತಿರ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಚಾಮರಾಜನಗರದ ಕಡೆಯ ಯಳಂದೂರಿನಲ್ಲಿ ಸುಮಾರು 65 ಸಾವಿರ ಜನರನ್ನು ವಿಚಾರಿಸಿದಾಗ ಸಾವಿರಕ್ಕೆ 4.6 ಸಿಕ್ಕಿತು. ಎರಡು ಲೆಕ್ಕಗಳ ನಡುವೆ ಅಂತರವಿದೆ, ಇರಲಿ. ಮೂರು ಸಾವಿರ ಜನರ ಒಂದು ಊರಿನಲ್ಲಿ ಹದಿಮೂರು ಜನರಾದರೂ ಈ ರೋಗದವರಿದ್ದಾರೆ ಎಂದು ಧೈರ್ಯವಾಗಿ ಹೇಳಬಹುದು. ಊರಿನವರನ್ನು ಕೇಳಿದರೆ ಇಬ್ಬರ ಹೆಸರು ಹೇಳಿಯಾರು. ಉಳಿದವರದು ಮುಚ್ಚಿಟ್ಟ ಸಂಗತಿ.

ಯಳಂದೂರಿನ ತಂಡ ಲೆಕ್ಕ ಹಾಕಿ ಸುಮ್ಮನಾಗಲಿಲ್ಲ. ಸಿಕ್ಕ ರೋಗಿಗಳಿಗೆ ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್ ಕೊಟ್ಟು ಐದು ವರ್ಷ ಬೆನ್ನುಹತ್ತಿ ನೋಡಿಕೊಂಡಿತು. ಅದರ ವರದಿ 2001ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅಗ್ಗದ ಹಳೆಯ ಗುಳಿಗೆಗಳಿಂದಲೇ ಹಳ್ಳಿಯಲ್ಲಿ ಮೂರ್ಛೆಯನ್ನು ಹತೋಟಿಗೆ ತರಬಹುದು ಎಂಬುದು ಅದರ ಸಾರ. ಫಿನೋಬಾರ್ಬಿಟೋನ್ ನಿಜಕ್ಕೂ ಹಳೆಯದು. ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ಯುವ ವೈದ್ಯ 1912ರಲ್ಲಿ, ವಾರ್ಡಿನ ರೋಗಿಗಳಿಗೆ ನಿದ್ದೆಗೆಂದು ಕೊಟ್ಟ ಈ ಔಷಧದಿಂದ ಅವರ ಮೂರ್ಛೆಯೂ ಕಡಿಮೆಯಾದದ್ದನ್ನು ಗಮನಿಸಿದ. ನೂರು ವರ್ಷ ದಾಟಿದರೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದು ಉಳಿದಿದೆ. ಸರಿಯಾದ ಔಷಧ ಸರಿಯಾಗಿ ಸಿಕ್ಕರೆ ನೂರರಲ್ಲಿ ಎಪ್ಪತ್ತು ಜನರವರೆಗೆ ಮೂರ್ಛೆಯಿಲ್ಲದೆ ಬದುಕಬಹುದು ಎನ್ನುತ್ತದೆ ಅದೇ ಸಂಸ್ಥೆ. ಗ್ಲಾಸ್ಗೋದ ಕ್ವಾನ್ ಮತ್ತು ಬ್ರೋಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 47 ಜನರಿಗೆ ಮೊದಲ ಔಷಧದಲ್ಲೇ ಮೂರ್ಛೆ ನಿಂತಿತ್ತು. ಕಾಯಿಲೆಗಳ ಲೋಕದಲ್ಲಿ ಇದು ಬಹಳ ಒಳ್ಳೆಯ ಫಲಿತಾಂಶ.

ಹಾಗಿದ್ದೂ ನಮ್ಮ ಹಳ್ಳಿಗಳಲ್ಲಿ ಜನ ಬೀಳುತ್ತಲೇ ಇದ್ದಾರೆ, ಒಲೆಗೆ, ಬಾವಿಗೆ, ಕಾಲುವೆಗೆ. ಔಷಧದ ಚೀಟಿ ಮನೆಯಲ್ಲಿದ್ದವರೂ ಬೀಳುತ್ತಾರೆ. ಏಕೆ?

ಉತ್ತರದ ಒಂದು ಭಾಗ ರಕ್ತದಲ್ಲಿದೆ. ಮೆದುಳಿನ ನರಕೋಶಗಳು ವಿದ್ಯುತ್ತಿನ ಸಣ್ಣ ಸಂಕೇತಗಳಿಂದ ಒಂದಕ್ಕೊಂದು ಮಾತಾಡುತ್ತವೆ. ಸಾಮಾನ್ಯವಾಗಿ ಒಂದೊಂದು ಗುಂಪು ಅದರದರ ಸರದಿಯಲ್ಲಿ. ಮೂರ್ಛೆಯ ಹೊತ್ತಿನಲ್ಲಿ ಸಾವಿರಾರು ಕೋಶಗಳು ಒಟ್ಟಿಗೇ, ಅತಿ ವೇಗವಾಗಿ ಸಂಕೇತ ಹೊಡೆಯತೊಡಗುತ್ತವೆ. ಫೆನಿಟಾಯಿನ್, ಕಾರ್ಬಮಜೆಪಿನ್‌ಗಳು ಕೋಶದ ಗೋಡೆಯ ಸೋಡಿಯಂ ದ್ವಾರಗಳನ್ನು ತಡೆದು ಆ ವೇಗಕ್ಕೆ ಕಡಿವಾಣ ಹಾಕುತ್ತವೆ. ಫಿನೋಬಾರ್ಬಿಟೋನ್ ಮೆದುಳಿನಲ್ಲೇ ಇರುವ ಗಾಬಾ ಎಂಬ ಶಮನಕಾರಿ ರಾಸಾಯನಿಕದ ಕೈ ಬಲಪಡಿಸುತ್ತದೆ. ಯಾವುದೂ ರೋಗದ ಬೇರನ್ನು ಕೀಳುವುದಿಲ್ಲ. ಔಷಧ ರಕ್ತದಲ್ಲಿ ಸಾಕಷ್ಟು ಇರುವವರೆಗೆ ಕಾವಲು, ಇಳಿದರೆ ಕಾವಲಿಲ್ಲ. ನೋವಿನ ಗುಳಿಗೆಯನ್ನು ನೋವಿದ್ದಾಗ ನುಂಗಿದರೆ ಸಾಕು. ಮೂರ್ಛೆಯ ಗುಳಿಗೆಯನ್ನು ಮೂರ್ಛೆ ಇಲ್ಲದ ದಿನಗಳಲ್ಲೂ ನುಂಗಬೇಕು.

ಕೂಡ್ಲಿಗಿ ಕಡೆಯ ಮನೆಗಳ ಸಿಮೆಂಟ್ ತೊಟ್ಟಿಯನ್ನು ನೆನೆಯಿರಿ. ನಲ್ಲಿಯಲ್ಲಿ ನೀರು ಬಂದಾಗ ತುಂಬುತ್ತದೆ, ತಳದ ಸಣ್ಣ ಸೀಳಿನಿಂದ ಸದಾ ಜಿನುಗುತ್ತದೆ. ನೀರು ಬರುವ ಹೊತ್ತು ತಪ್ಪದಿದ್ದರೆ ಮಟ್ಟ ಒಂದು ಗೆರೆಯ ಆಚೀಚೆ ನಿಲ್ಲುತ್ತದೆ. ರಕ್ತದಲ್ಲಿ ಔಷಧದ ಮಟ್ಟವೂ ಹೀಗೇ. ಸೀಳು ಎಷ್ಟು ದೊಡ್ಡದು ಎಂಬುದನ್ನು ವಿಜ್ಞಾನಿಗಳು ಅರ್ಧಾಯುವಿನಲ್ಲಿ ಅಳೆಯುತ್ತಾರೆ: ಮಟ್ಟ ಅರ್ಧಕ್ಕೆ ಇಳಿಯಲು ಬೇಕಾದ ಕಾಲ. ಫಿನೋಬಾರ್ಬಿಟೋನಿಗೆ ಇದು ಸುಮಾರು ನಾಲ್ಕು ದಿನ. ಫೆನಿಟಾಯಿನ್‌ಗೆ ಹೆಚ್ಚುಕಡಿಮೆ ಒಂದು ದಿನ, ವಾಲ್ಪ್ರೊಯೇಟಿಗೆ 9ರಿಂದ 16 ತಾಸು, ಈಚೆಗೆ ಹೆಚ್ಚು ಬಳಕೆಗೆ ಬಂದ ಲೆವೆಟಿರಾಸಿಟಮ್‌ಗೆ 6ರಿಂದ 8 ತಾಸು. ಹೀಗಾಗಿ ಫಿನೋಬಾರ್ಬಿಟೋನ್ ಒಂದು ದಿನ ತಪ್ಪಿದರೆ ಮಟ್ಟ ಆರನೇ ಒಂದು ಭಾಗದಷ್ಟು ಮಾತ್ರ ಇಳಿಯುತ್ತದೆ. ಲೆವೆಟಿರಾಸಿಟಮ್ ಒಂದು ಇಡೀ ದಿನ ತಪ್ಪಿದರೆ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ಉಳಿಯುವುದಿಲ್ಲ.

ಇಲ್ಲೇ ಒಂದು ಮೋಸವಿದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದು. ಗುಳಿಗೆ ತಪ್ಪಿದ ದಿನ ಬಹಳ ಸಲ ಏನೂ ಆಗುವುದಿಲ್ಲ. ತಲೆ ನೋಯುವುದಿಲ್ಲ, ಜ್ವರ ಬರುವುದಿಲ್ಲ. ನಿಜ ಹೇಳಬೇಕೆಂದರೆ ಅಂದು ತೂಕಡಿಕೆ ಕಡಿಮೆಯಾಗಿ ಮೈ ಹಗುರವೆನಿಸುತ್ತದೆ. ಎರಡನೆಯ ದಿನವೂ ಹಾಗೇ. ಗುಳಿಗೆ ಇಲ್ಲದೆಯೂ ಚೆನ್ನಾಗಿದ್ದೇನೆ ಎಂಬ ಪಾಠವನ್ನು ದೇಹ ತಾನೇ ಕಲಿಸುತ್ತದೆ. ಆರನೆಯ ದಿನವೋ ಎಂಟನೆಯ ದಿನವೋ ಮೂರ್ಛೆ ಬಂದಾಗ, ವಾರದ ಹಿಂದಿನ ಗುಳಿಗೆಯ ನೆನಪು ಯಾರಿಗೂ ಇರುವುದಿಲ್ಲ. ಅಂದು ಅಮಾವಾಸ್ಯೆಯಾಗಿದ್ದರೆ ಅಮಾವಾಸ್ಯೆ ಕಾರಣ. ಹಿಂದಿನ ಸಂಜೆ ಹುಣಸೆಮರದ ಕೆಳಗೆ ಹಾದು ಬಂದಿದ್ದರೆ ಗಾಳಿ ಸೋಕಿದ್ದು ಕಾರಣ. ಬೇರೆಯವರ ಮನೆಯಲ್ಲಿ ಉಂಡಿದ್ದರೆ ಆ ಊಟ ಕಾರಣ. ಜನ ಹೀಗೆ ಯೋಚಿಸುವುದನ್ನು ಅಜ್ಞಾನವೆಂದು ಬದಿಗೆ ಸರಿಸಿದರೆ ನಮಗೇ ನಷ್ಟ. ಕಣ್ಣೆದುರು ಕಂಡದ್ದರಿಂದ ಕಾರಣ ಹುಡುಕುವುದು ಮನುಷ್ಯ ಬುದ್ಧಿಯ ಸಹಜ ನಡೆ. ಇಲ್ಲಿ ನಿಜವಾದ ಕಾರಣ ಕಣ್ಣಿಗೆ ಕಾಣುವಂತಿಲ್ಲ, ಕಾಲದಲ್ಲೂ ಹಿಂದೆ ಬಿದ್ದಿದೆ. ಅದನ್ನು ಯಾರಾದರೂ ಕೂತು ತಿಳಿಸಿ ಹೇಳದೆ ತಾನಾಗಿ ಹೊಳೆಯುವ ಸಂಗತಿ ಅದಲ್ಲ.

ಫಿನೋಬಾರ್ಬಿಟೋನ್, ಕ್ಲೊಬಜಾಮ್‌ಗಳಂಥ ಔಷಧಗಳಲ್ಲಿ ಇನ್ನೂ ಒಂದು ಅಪಾಯವಿದೆ. ಮೆದುಳು ಅವುಗಳಿಗೆ ಒಗ್ಗಿಕೊಂಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಕೆಟ್ಟದಾಗಿ, ಒಂದರ ಹಿಂದೊಂದು ಮೂರ್ಛೆ ಬರಬಹುದು. ಐದು ನಿಮಿಷ ದಾಟಿದರೂ ನಿಲ್ಲದ ಮೂರ್ಛೆ ಜೀವಕ್ಕೇ ಕುತ್ತು. ಆಗ 108ಕ್ಕೆ ಫೋನ್ ಮಾಡಬೇಕು, ಕೈಗೆ ಕಬ್ಬಿಣ ಕೊಟ್ಟು, ಮೂಗಿಗೆ ಈರುಳ್ಳಿ ಹಿಡಿದು ಕಾಯುತ್ತ ಕೂರಬಾರದು. ಅಮೆರಿಕದಲ್ಲಿ 33 ಸಾವಿರಕ್ಕೂ ಹೆಚ್ಚು ಮೂರ್ಛೆ ರೋಗಿಗಳ ದಾಖಲೆ ನೋಡಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಔಷಧ ಸರಿಯಾಗಿ ತೆಗೆದುಕೊಳ್ಳದ ಅವಧಿಯಲ್ಲಿ ಸಾವಿನ ಅಪಾಯ ಮೂರು ಪಟ್ಟಿಗೂ ಮಿಗಿಲು ಎಂದು ತೋರಿಸಿತು.

ಗುಳಿಗೆ ತಪ್ಪುವುದು ನಮ್ಮ ಹಳ್ಳಿಗಳಿಗೆ ಮಾತ್ರ ಅಂಟಿದ ದೋಷ ಎಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ಜಾಯ್ಸ್ ಕ್ರೇಮರ್ ಎಂಬ ಸಂಶೋಧಕಿ 1980ರ ದಶಕದ ಕೊನೆಯಲ್ಲಿ ಗುಳಿಗೆ ಡಬ್ಬಿಯ ಮುಚ್ಚಳದೊಳಗೆ ಪುಟ್ಟ ಎಲೆಕ್ಟ್ರಾನಿಕ್ ಚಿಪ್ ಇಟ್ಟರು. ಮುಚ್ಚಳ ತೆರೆದ ಹೊತ್ತೆಲ್ಲ ಅದರಲ್ಲಿ ದಾಖಲಾಗುತ್ತಿತ್ತು. ದಿನಕ್ಕೆ ಒಂದೇ ಸಲ ನುಂಗುವವರು ನೂರರಲ್ಲಿ 87 ಸಲ ಹೇಳಿದಂತೆ ತೆಗೆದುಕೊಂಡಿದ್ದರು. ಎರಡು ಸಲದವರು 81, ಮೂರು ಸಲದವರು 77. ದಿನಕ್ಕೆ ನಾಲ್ಕು ಸಲ ಎಂದಾಗ ಅದು 39ಕ್ಕೆ ಕುಸಿದಿತ್ತು. ಮರುವರ್ಷ ಅವರೇ ಕಂಡ ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯದ್ದು. ಡಾಕ್ಟರ ಭೇಟಿಯ ಹಿಂದಿನ ಐದು ದಿನ ರೋಗಿಗಳು ನೂರಕ್ಕೆ 88ರಷ್ಟು ಸರಿಯಾಗಿ ಗುಳಿಗೆ ನುಂಗಿದ್ದರು, ಭೇಟಿಯಾಗಿ ಒಂದು ತಿಂಗಳಿಗೆ 67ಕ್ಕೆ ಇಳಿದಿದ್ದರು. ಅಂದರೆ ರಕ್ತ ಪರೀಕ್ಷೆ ಮಾಡಿದ ದಿನ ಔಷಧದ ಮಟ್ಟ ಸರಿಯಿತ್ತು ಎಂದ ಮಾತ್ರಕ್ಕೆ ತಿಂಗಳಿಡೀ ಸರಿಯಿತ್ತು ಎಂದುಕೊಳ್ಳುವಂತಿಲ್ಲ. ಸಿನ್ಸಿನಾಟಿಯಲ್ಲಿ ಹೊಸದಾಗಿ ಮೂರ್ಛೆ ಪತ್ತೆಯಾದ ಮಕ್ಕಳ ಮೇಲೆ ಕಣ್ಣಿಟ್ಟವರು, ಮೊದಲ ಆರು ತಿಂಗಳಲ್ಲೇ ನೂರಕ್ಕೆ 58 ಮಕ್ಕಳಿಗೆ ಔಷಧ ಪದೇ ಪದೇ ತಪ್ಪಿದ್ದನ್ನು ಕಂಡು 2011ರಲ್ಲಿ ವರದಿ ಮಾಡಿದರು. ಓದಿದ ತಂದೆತಾಯಿ, ಮನೆ ಬಾಗಿಲಿಗೆ ಕಾರು, ಮೂಲೆಗೊಂದು ಔಷಧದಂಗಡಿ ಇದ್ದಲ್ಲಿಯೂ ಸ್ಥಿತಿ ಇದು.

ಈಗ ನಮ್ಮ ಐದು ತಾಲ್ಲೂಕುಗಳಿಗೆ ಬರೋಣ. ಇಲ್ಲಿ ಗುಳಿಗೆ ತಪ್ಪುವುದಕ್ಕೆ ಇಲ್ಲಿಯದೇ ದಾರಿಗಳಿವೆ.

ಮಳೆ ಕೈಕೊಟ್ಟ ವರ್ಷ ಇಲ್ಲಿಂದ ಗುಳೆ ಹೋಗುವುದು ಹೊಸತಲ್ಲ. ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಕಟ್ಟಡ ಕೆಲಸಕ್ಕೆಂದು ಗಂಡ ಹೆಂಡತಿ ಮಕ್ಕಳು ಒಟ್ಟಿಗೇ ಹೊರಡುತ್ತಾರೆ. ಆಸ್ಪತ್ರೆಯಿಂದ ಸಿಕ್ಕ ಗುಳಿಗೆ ಹದಿನೈದು ದಿನಕ್ಕೋ ತಿಂಗಳಿಗೋ. ಹೋದದ್ದು ಮೂರು ತಿಂಗಳಿಗೆ. ಹೋದ ಊರಿನ ಔಷಧದಂಗಡಿಯಲ್ಲಿ ಚೀಟಿ ಕೇಳುತ್ತಾರೆ. ಚೀಟಿ ಊರಿನ ಟ್ರಂಕಿನಲ್ಲಿರುತ್ತದೆ. ಫಿನೋಬಾರ್ಬಿಟೋನ್ ಬೇರೆ, 1971ರ ವಿಶ್ವಸಂಸ್ಥೆಯ ಒಪ್ಪಂದದಡಿ ನಿಯಂತ್ರಣಕ್ಕೆ ಒಳಪಟ್ಟ ಔಷಧ. ಗುರುತಿಲ್ಲದ ಕೂಲಿಕಾರನಿಗೆ ಅದನ್ನು ಕೊಡಲು ಅಂಗಡಿಯವರು ಹಿಂಜರಿದರೆ ಆಶ್ಚರ್ಯವಿಲ್ಲ. ಇಂಥ ಕುಟುಂಬಕ್ಕೆ ‘ಗುಳಿಗೆ ಬಿಡಬೇಡಿ’ ಎಂಬ ಉಪದೇಶ ಯಾವ ಉಪಕಾರವನ್ನೂ ಮಾಡದು. ಹೊರಡುವ ಮುನ್ನ ಮೂರು ತಿಂಗಳ ಗುಳಿಗೆ ಕೊಟ್ಟು, ಚೀಟಿಯ ಫೋಟೊ ಅವರ ಮೊಬೈಲಿನಲ್ಲಿ ಇರುವಂತೆ ನೋಡಿಕೊಂಡರೆ ಅದು ಉಪಕಾರ.

ಇನ್ನು ಜಾತ್ರೆಗಳು. ಮಾಘ ಮಾಸದಲ್ಲಿ ಕೊಟ್ಟೂರೇಶ್ವರನ ತೇರು, ಅದಕ್ಕೆ ದೂರದ ಊರುಗಳಿಂದ ಪಾದಯಾತ್ರೆ, ಮೈಲಾರದ ಕಾರಣಿಕ, ಉಚ್ಚಂಗಿದುರ್ಗದ ಉಚ್ಚಂಗೆಮ್ಮ. ರಾತ್ರಿ ನಡಿಗೆ, ಅರೆನಿದ್ದೆ, ಉಪವಾಸ, ಹೊತ್ತು ತಪ್ಪಿದ ಊಟ. ಬಯಲಾಟವಿದ್ದರೆ ಬೆಳಗಾಗುವವರೆಗೂ ಜಾಗರಣೆ. ನಿದ್ದೆಗೆಡುವುದು ಮೂರ್ಛೆಯನ್ನು ಕೆರಳಿಸುವ ದೊಡ್ಡ ಕಾರಣಗಳಲ್ಲೊಂದು. ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆಯಲ್ಲಂತೂ ಇದು ಸ್ಪಷ್ಟವಾಗಿ ಕಾಣುತ್ತದೆ. ಆಟ ನೋಡಿ ಬಂದ ಹುಡುಗ ಬೆಳಿಗ್ಗೆ ಎದ್ದು ಚಹಾ ಲೋಟ ಹಿಡಿಯುತ್ತಾನೆ, ತೋಳು ಒಮ್ಮೆಲೇ ಜರ್ಕು ಹೊಡೆದು ಲೋಟ ದೂರ ಹಾರುತ್ತದೆ. ಮನೆಯವರು ಕೈಯಲ್ಲಿ ಬಲವಿಲ್ಲವೇನೋ ಎಂದು ಬೈಯುತ್ತಾರೆ. ಅರ್ಧ ತಾಸಿನಲ್ಲಿ ಅವನು ಬಚ್ಚಲಲ್ಲಿ ಬಿದ್ದು ಒದ್ದಾಡುತ್ತಿರುತ್ತಾನೆ. ಆ ರಾತ್ರಿ ಅವನ ಗುಳಿಗೆಯೂ ಮನೆಯ ಗೂಡಿನಲ್ಲೇ ಉಳಿದಿತ್ತು ಎಂದರೆ ಎರಡು ತಡೆಗಳು ಒಟ್ಟಿಗೆ ಮುರಿದಂತಾಯಿತು. ಈ ಬಗೆಯ ಮೂರ್ಛೆಗೆ ಔಷಧ ಬಹಳ ವರ್ಷ, ಎಷ್ಟೋ ಸಲ ಜೀವನಪರ್ಯಂತ ಬೇಕು. ಜಾತ್ರೆಗೆ ಹೋಗಲೇಬಾರದು ಎಂದು ನಾನು ಹೇಳುವುದಿಲ್ಲ. ಊರಿಗೆ ಊರೇ ತೇರೆಳೆಯುವಾಗ ಒಬ್ಬ ಹುಡುಗನನ್ನು ಮನೆಯಲ್ಲಿ ಕೂಡಿಹಾಕುವುದು ರೋಗಕ್ಕಿಂತ ದೊಡ್ಡ ಶಿಕ್ಷೆ. ಗುಳಿಗೆ ಜೇಬಿನಲ್ಲಿರಲಿ, ನಡುರಾತ್ರಿಯ ಮೇಲಾದರೂ ಒಂದಿಷ್ಟು ನಿದ್ದೆಯಾಗಲಿ. ಉಪವಾಸದ ದಿನವೂ ಗುಳಿಗೆಗೆ ಒಂದು ಗುಟುಕು ನೀರು ಕುಡಿಯಬಹುದು ಎಂದು ಮನೆಯ ಹಿರಿಯರೇ ಹೇಳಲಿ. ರಂಜಾನ್ ಉಪವಾಸ ಮಾಡುವವರು ತಿಂಗಳು ಶುರುವಾಗುವ ಮೊದಲೇ ವೈದ್ಯರಲ್ಲಿ ಕೇಳಿ, ಸಹರಿ ಮತ್ತು ಇಫ್ತಾರ್ ಹೊತ್ತಿಗೆ ಗುಳಿಗೆಯನ್ನು ಹೊಂದಿಸಿಕೊಳ್ಳಬಹುದೇ ಎಂದು ವಿಚಾರಿಸಲಿ.

ಗಂಡಸರಲ್ಲಿ ಇನ್ನೊಂದು ರೂಢಿಯಿದೆ. ಗುಳಿಗೆ ನುಂಗಿದ ಮೇಲೆ ಕುಡಿಯಬಾರದು ಎಂದು ಡಾಕ್ಟರು ಹೇಳಿದ್ದನ್ನು ತಿರುವಿ ಅರ್ಥ ಮಾಡಿಕೊಂಡು, ಕುಡಿಯುವ ದಿನ ಗುಳಿಗೆ ಬಿಡುತ್ತಾರೆ. ಹಬ್ಬದ ಮರುದಿನ ಬೀಳುತ್ತಾರೆ. ಕುಡಿತ ಬಿಡುವುದು ಒಳ್ಳೆಯದು. ಕುಡಿದ ದಿನವೇ ಗುಳಿಗೆಯನ್ನೂ ಬಿಡುವುದಂತೂ ಎಲ್ಲಕ್ಕಿಂತ ಕೆಟ್ಟದ್ದು.

ಹೆಣ್ಣುಮಕ್ಕಳ ಕಥೆ ಬೇರೆ. ಹದಿನಾಲ್ಕನೆಯ ವಯಸ್ಸಿನಿಂದ ಫೆನಿಟಾಯಿನ್ ನುಂಗುತ್ತಿರುವ ಹಗರಿಬೊಮ್ಮನಹಳ್ಳಿ ಕಡೆಯ ಒಬ್ಬಳನ್ನು ಊಹಿಸಿಕೊಳ್ಳಿ. ವಸಡು ಊದಿದೆ, ನಗುವಾಗ ಸೆರಗು ಬಾಯಿಗೆ ಹೋಗುತ್ತದೆ. ಮದುವೆ ಗೊತ್ತಾಗಿದೆ, ಗಂಡಿನ ಮನೆಯವರಿಗೆ ಹೇಳಿಲ್ಲ. ತವರಿನವರು ಎರಡು ತಿಂಗಳ ಗುಳಿಗೆಯನ್ನು ಸೀರೆಗಳ ಮಡಿಕೆಯಲ್ಲಿ ಬಚ್ಚಿಟ್ಟು ಕಳಿಸುತ್ತಾರೆ. ಹೊಸ ಮನೆಯಲ್ಲಿ ಒಂಟಿಯಾಗಿ ಟ್ರಂಕು ತೆರೆಯುವ ಅವಕಾಶ ದಿನಕ್ಕೆ ಎಷ್ಟು ಸಿಕ್ಕೀತು? ಮೊದಲು ಮಧ್ಯಾಹ್ನದ್ದು ಬಿಡುತ್ತದೆ, ಆಮೇಲೆ ರಾತ್ರಿಯದು. ನಿದ್ದೆಗೆಟ್ಟ ಮದುವೆಯ ದಿನಗಳು, ಭಯ, ತಪ್ಪಿದ ಗುಳಿಗೆ ಮೂರೂ ಕೂಡಿ ತಿಂಗಳೊಳಗೆ ಅಡುಗೆಮನೆಯಲ್ಲಿ ಬೀಳುತ್ತಾಳೆ. ಯಾವುದನ್ನು ಮುಚ್ಚಿಡಲು ಗುಳಿಗೆ ಬಿಟ್ಟಳೋ ಅದೇ ಬಯಲಾಗುತ್ತದೆ.

ಮರೆಮಾಚಿದವರನ್ನು ದೂರುವ ಮುನ್ನ ಒಂದು ಚರಿತ್ರೆ ನೆನಪಿರಲಿ. ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಲ್ಲಿ 1999ರವರೆಗೂ ಮೂರ್ಛೆ ರೋಗವನ್ನು ಹುಚ್ಚಿನ ಜೊತೆಗಿಟ್ಟು, ಮದುವೆಗೆ ಅಡ್ಡಿಯೆಂದು ಬರೆದಿತ್ತು. ಆ ವರ್ಷದ ತಿದ್ದುಪಡಿ ಅದನ್ನು ತೆಗೆದುಹಾಕಿತು. ಕಾನೂನು ಬಿಟ್ಟುಕೊಟ್ಟದ್ದನ್ನು ಜನ ಇನ್ನೂ ಹಿಡಿದುಕೊಂಡಿದ್ದಾರೆ. ಮೂರ್ಛೆ ರೋಗದವರು ಮದುವೆಯಾಗಬಹುದು, ಮಕ್ಕಳನ್ನು ಹೆರಬಹುದು. ಬಸುರಿಯೆಂದು ತಿಳಿದ ಕೂಡಲೇ ಹೆದರಿ ಗುಳಿಗೆ ನಿಲ್ಲಿಸುವುದು ತಾಯಿಗೂ ಮಗುವಿಗೂ ಅಪಾಯ. ಆದರೆ ಎಲ್ಲ ಔಷಧಗಳೂ ಬಸಿರಿಗೆ ಒಂದೇ ರೀತಿ ಅಲ್ಲ. ವಾಲ್ಪ್ರೊಯೇಟಿನಿಂದ ಮಗುವಿಗೆ ಬೆನ್ನುಹುರಿಯ ದೋಷವೂ ಬುದ್ಧಿಮಟ್ಟದ ಕೊರತೆಯೂ ಬರುವ ಅಪಾಯ ಹೆಚ್ಚು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಿಂದ ಮೂರ್ಛೆ ರೋಗವಿರುವ ಗರ್ಭಿಣಿಯರ ದಾಖಲೆ ಇಡುತ್ತ ಬಂದಿದ್ದಾರೆ. ಇಂಥ ದಾಖಲೆಗಳಿಂದಲೇ ಈ ತಿಳಿವಳಿಕೆ ಗಟ್ಟಿಯಾಗಿದೆ. ಆದ್ದರಿಂದ ಔಷಧ ಬದಲಿಸುವ ಮಾತು, ಫೋಲಿಕ್ ಆಮ್ಲದ ಮಾತು ಬಸಿರಾಗುವ ಮೊದಲೇ ಆಗಬೇಕು. ಕೆಲವು ಮೂರ್ಛೆ ಔಷಧಗಳು ಗರ್ಭನಿರೋಧಕ ಗುಳಿಗೆಯ ಬಲವನ್ನೂ ಕುಗ್ಗಿಸುತ್ತವೆ. ಗಂಡನ ಮನೆಯಲ್ಲಿ ರೋಗವೇ ಗುಟ್ಟಾಗಿದ್ದರೆ ಈ ಮಾತುಗಳನ್ನೆಲ್ಲ ಆಕೆ ಯಾರಲ್ಲಿ ಆಡಬೇಕು?

ಗುಳಿಗೆ ಇಡುವ ಜಾಗವೂ ಮುಖ್ಯ. ಕಾರ್ಬಮಜೆಪಿನ್ ಗುಳಿಗೆ ತೇವ ಹೀರಿಕೊಂಡರೆ ಅದರ ಪರಿಣಾಮ ಮೂರನೇ ಒಂದು ಭಾಗದಷ್ಟು ಕುಗ್ಗಬಹುದು. ಬಚ್ಚಲ ಗೂಡು, ಒಲೆಯ ಮೇಲಿನ ಹಲಗೆ ಅದಕ್ಕೆ ಸರಿಯಾದ ಜಾಗವಲ್ಲ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ದೇವರ ಗೂಡಿನ ಹತ್ತಿರವೋ ಮಲಗುವ ಕೋಣೆಯಲ್ಲೋ ಇಟ್ಟರೆ ದಿನವೂ ಕಣ್ಣಿಗೂ ಬೀಳುತ್ತದೆ.

ಬಚ್ಚಲು ಎಂದ ಮೇಲೆ ನಮ್ಮ ನಾಡಿನ ಒಂದು ವಿಶೇಷ ಮೂರ್ಛೆಯ ಬಗ್ಗೆ ಹೇಳಲೇಬೇಕು. ಬಿಸಿನೀರನ್ನು ತಂಬಿಗೆ ತಂಬಿಗೆಯಾಗಿ ತಲೆಗೆ ಸುರಿದುಕೊಳ್ಳುವಾಗ ಕೆಲವರಿಗೆ ಮೂರ್ಛೆ ಬರುತ್ತದೆ. ಡಾ. ಮಣಿ 1960ರ ದಶಕದ ಕೊನೆಯಲ್ಲಿ ಇದನ್ನು ವಿವರವಾಗಿ ವರದಿ ಮಾಡಿದರು, ನಿಮ್ಹಾನ್ಸ್‌ನ ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ಜನರ ವಿವರ ಪ್ರಕಟಿಸಿದರು. ಜಗತ್ತಿನಲ್ಲಿ ಈ ಬಗೆ ಅತಿ ಹೆಚ್ಚು ದಾಖಲಾದದ್ದು ದಕ್ಷಿಣ ಕರ್ನಾಟಕದಲ್ಲಿ. ನೀರಿನ ಬಿಸಿ 40ರಿಂದ 50 ಡಿಗ್ರಿಯಷ್ಟಿರುವುದು ಸಾಮಾನ್ಯ. ತಲೆಸ್ನಾನದಲ್ಲಿ ಮಾತ್ರ ಮೂರ್ಛೆ ಬರುವ ಎಷ್ಟೋ ಜನರಿಗೆ ದಿನವೂ ಗುಳಿಗೆ ಬೇಕಾಗುವುದಿಲ್ಲ. ಉಗುರುಬೆಚ್ಚಗಿನ ನೀರು, ಜೊತೆಗೆ ವೈದ್ಯರು ಹೇಳಿದ್ದರೆ ತಲೆಸ್ನಾನಕ್ಕೆ ಒಂದೂವರೆ ಎರಡು ತಾಸು ಮೊದಲು ಕ್ಲೊಬಜಾಮ್ ಗುಳಿಗೆ. ಮೂರ್ಛೆಯ ಬಗೆ ಯಾವುದೆಂದು ತಿಳಿದರೆ ಔಷಧದ ಹೊರೆ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಇವರಲ್ಲಿ ಕೆಲವರಿಗೆ ಮುಂದೆ ಸ್ನಾನದ ಸಂಬಂಧವಿಲ್ಲದೆಯೂ ಮೂರ್ಛೆ ಬರಬಹುದು. ಆಗ ದಿನದ ಗುಳಿಗೆಗೆ ಬದಲಾಗಬೇಕು.

ವೈದ್ಯರ ಕಡೆಯಿಂದಲೂ ಆಗಬೇಕಾದದ್ದಿದೆ. ನೂಕುನುಗ್ಗಲಿನ ಹೊರರೋಗಿ ವಿಭಾಗದಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಇಷ್ಟೇ: “ಗುಳಿಗಿ ದಿನಾ ತಗಂತಿಯೇನಮ್ಮಾ?” ಉತ್ತರವೂ ಸಿದ್ಧ: “ಹೂಂರಿ ಸಾರ್, ತಗಂತೀನ್ರಿ.” ಡಾಕ್ಟರ ಮುಂದೆ ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಗುಳಿಗೆ ನುಂಗುತ್ತಿದ್ದರೂ ಮೂರ್ಛೆ ನಿಂತಿಲ್ಲ ಎಂದು ತಿಳಿದ ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ, ಇನ್ನೊಂದು ಔಷಧ ಸೇರಿಸುತ್ತಾರೆ. ಮನೆಗೆ ಹೋದವಳು ಹೆದರಿ ಎಲ್ಲವನ್ನೂ ಸರಿಯಾಗಿ ನುಂಗಿದರೆ ತಲೆ ಸುತ್ತು, ಕಣ್ಣು ಮಂಜು, ನಡೆದರೆ ತೂರಾಟ. ಫೆನಿಟಾಯಿನ್ ವಿಷಯದಲ್ಲಿ ಇದು ಬೇಗ ಆಗುತ್ತದೆ. ಅದನ್ನು ಕರಗಿಸುವ ಯಕೃತ್ತಿನ ಕಿಣ್ವಗಳಿಗೆ ಒಂದು ಮಿತಿಯಿದೆ. ಮಿತಿ ಮುಟ್ಟಿದ ಮೇಲೆ ಅರ್ಧ ಗುಳಿಗೆ ಹೆಚ್ಚಿಸಿದರೂ ರಕ್ತದ ಮಟ್ಟ ಹಾರಿಬಿಡುತ್ತದೆ. ತಪ್ಪಿದ್ದನ್ನು ಸರಿದೂಗಿಸಲು ಒಮ್ಮೆಗೇ ಎರಡು ಮೂರು ಗುಳಿಗೆ ನುಂಗಬಾರದು ಎನ್ನುವುದೂ ಇದೇ ಕಾರಣಕ್ಕೆ. ನೆನಪಾದ ಕೂಡಲೇ ತಪ್ಪಿದ ಗುಳಿಗೆ ತೆಗೆದುಕೊಳ್ಳಿ, ಮುಂದಿನ ಗುಳಿಗೆಯ ಹೊತ್ತು ಹತ್ತಿರವಾಗಿದ್ದರೆ ಅದೊಂದನ್ನೇ ತೆಗೆದುಕೊಳ್ಳಿ. ಕ್ಷಯದ ಔಷಧ ಶುರುವಾದರೂ ಮೂರ್ಛೆಯ ಗುಳಿಗೆ ಬಗ್ಗೆ ಹೇಳಿ; ರಿಫಾಂಪಿಸಿನ್, ಐಸೋನಿಯಜಿಡ್ ಎರಡೂ ಅದರ ಮಟ್ಟವನ್ನು ಏರುಪೇರು ಮಾಡುತ್ತವೆ.

ಅದೇ ಪ್ರಶ್ನೆಯನ್ನು “ಹೋದ ವಾರದಾಗ ಎಷ್ಟು ಸಲ ತಪ್ಪಿತವ್ವಾ? ಎಲ್ಲರಿಗೂ ತಪ್ಪತೈತಿ” ಎಂದು ಕೇಳಿದರೆ ನಿಜ ಹೊರಬರುತ್ತದೆ. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ದಿನಕ್ಕೆ ಮೂರು ಸಲದ್ದನ್ನು ಒಂದೋ ಎರಡೋ ಸಲಕ್ಕೆ ಇಳಿಸಲು ಸಾಧ್ಯವೇ ಎಂದು ಯೋಚಿಸುವುದು ಮುಂದಿನ ಹೆಜ್ಜೆ. ಪಂಜಾಬಿನ ಲೂಧಿಯಾನದಲ್ಲಿ ಆರೋಗ್ಯ ಕಾರ್ಯಕರ್ತರು ಮೂರ್ಛೆ ರೋಗಿಗಳ ಮನೆಗೇ ಹೋಗಿ ಗುಳಿಗೆ ಕೊಟ್ಟು ವಿಚಾರಿಸಿಕೊಂಡಾಗ, ಆಸ್ಪತ್ರೆಗೆ ಅಲೆದವರಿಗಿಂತ ಅವರಲ್ಲಿ ಔಷಧ ಸೇವನೆ ಉತ್ತಮವಾಗಿತ್ತು ಎಂದು ವರದಿಯಾಗಿದೆ. ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲೇ ತುಳಿದ ದಾರಿ ಅದು.

‘ಎಷ್ಟು ವರ್ಷ ನುಂಗಬೇಕು ಸಾರ್?’ ಎಂಬ ಪ್ರಶ್ನೆಗೂ ನೇರ ಉತ್ತರವಿದೆ. ಕನಿಷ್ಠ ಎರಡು ವರ್ಷ ಮೂರ್ಛೆ ಇಲ್ಲದವರಲ್ಲಿ ನಿಲ್ಲಿಸುವ ಮಾತನ್ನು ವೈದ್ಯರು ಎತ್ತಬಹುದು, ಅದೂ ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೀಗೆ ನಿಧಾನವಾಗಿ ನಿಲ್ಲಿಸಿದವರಲ್ಲಿ ನೂರಕ್ಕೆ 41 ಜನರಿಗೆ ಎರಡು ವರ್ಷದೊಳಗೆ ಮೂರ್ಛೆ ಮರಳಿತು. ಮುಂದುವರಿಸಿದವರಲ್ಲಿ 22 ಜನರಿಗೆ. ಅರ್ಧಕ್ಕಿಂತ ಹೆಚ್ಚು ಜನ ಗುಳಿಗೆ ಬಿಟ್ಟೂ ಚೆನ್ನಾಗಿದ್ದರು ಎಂಬುದನ್ನು ಮರೆಯಬೇಡಿ. ಬಿಡುವ ದಾರಿ ಇದೆ, ಅದನ್ನು ವೈದ್ಯರ ಜೊತೆ ಕೂತು ಗೊತ್ತುಮಾಡಬೇಕು.

2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಆರಂಭಿಸಿತು. 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಶುರುವಾಗಿ, ಪ್ರಾಥಮಿಕ ಕೇಂದ್ರದ ವೈದ್ಯರಿಗೆ ಮೂರ್ಛೆ ಚಿಕಿತ್ಸೆಯ ತರಬೇತಿಯೂ ಅದರೊಳಗೆ ಬಂತು. ದಾರಿಗಳು ತೆರೆದಿವೆ. ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಎರಡೇ: ಈ ಐದು ತಾಲ್ಲೂಕುಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂರ್ಛೆಯ ಗುಳಿಗೆ ವರ್ಷದ ಯಾವ ದಿನವೂ ಖಾಲಿಯಾಗದಿರಲಿ, ಹತೋಟಿಯಲ್ಲಿರುವ ರೋಗಿಗೆ ಒಮ್ಮೆಗೇ ಎರಡು ಮೂರು ತಿಂಗಳಿಗಾಗುವಷ್ಟು ಕೊಡಲಿ. ಓದುಗರಲ್ಲೂ ಒಂದು ಕೋರಿಕೆ ಇದೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಮೂರ್ಛೆ ರೋಗದವರಿದ್ದರೆ ಗುಳಿಗೆ ಮುಗಿಯಲು ವಾರವಿರುವಾಗಲೇ ತಂದುಕೊಡಲು ನೆರವಾಗಿ. ಮನೆಗೆ ಬಂದ ಸೊಸೆ ಎಲ್ಲರೆದುರು ಗುಳಿಗೆ ನುಂಗುವಂತಿರಲಿ. ಅವಳಿಗೆ ನೀರಿನ ಲೋಟ ನೀವೇ ಕೊಡಿ.